ಬೆಲ್ಜಿಯಂ ಸಾಹಿತ್ಯ

ಬೆಲ್ಜಿಯಂ ಸಾಹಿತ್ಯವು ಒಂದೇ ಭಾಷೆಯ ಸಾಹಿತ್ಯವಲ್ಲ. ದೇಶದ ಉತ್ತರಭಾಗವಾದ ಫ್ಲಾಂಡರ್ಸ್‌ನಲ್ಲಿ ಡಚ್ ಭಾಷೆಯೂ ದಕ್ಷಿಣದ ವಲೋನಿಯದಲ್ಲಿ ಫ್ರೆಂಚ್ ಭಾಷೆಯೂ ಬಳಕೆಯಲ್ಲಿವೆ. ರಾಜಧಾನಿ ಬ್ರಸೆಲ್ಸ್ ದ್ವಿಭಾಷಾ ನಗರ. ಪೂರ್ವದ ಗಡಿಯ ಸಣ್ಣ ಪ್ರದೇಶದಲ್ಲಿ ಜರ್ಮನ್ ಭಾಷೆಯಿದೆ. ಲೇಖಕರ ಹುಟ್ಟುನಾಡಿನ ಭಾಷೆಯೂ ಬರವಣಿಗೆಯ ಭಾಷೆಯೂ ಹಲವು ವೇಳೆ ಬೇರೆಬೇರೆಯಾಗಿರುವುದು ಈ ಸಾಹಿತ್ಯದ ವೈಶಿಷ್ಟ್ಯ.

ಹಿನ್ನೆಲೆ

ಫ್ಲಾಂಡರ್ಸ್ ಪ್ರದೇಶದ ಸಾಹಿತ್ಯ ಪರಂಪರೆ ಪ್ರಾಚೀನವಾದುದು. ರೇನಾರ್ಡ್ ಎಂಬ ನರಿಯ ಕಥೆಯನ್ನು ಹೇಳುವ ಪ್ರಸಿದ್ಧ ಕಾವ್ಯ 13ನೆಯ ಶತಮಾನದಲ್ಲಿಯೇ ಮಧ್ಯಕಾಲೀನ ಡಚ್ ಭಾಷೆಯಲ್ಲಿ ರಚಿತವಾಯಿತು. ಆದರೆ 1830ರಲ್ಲಿ ಬೆಲ್ಜಿಯಂ ಸ್ವತಂತ್ರವಾದಾಗ ಆಡಳಿತ, ನ್ಯಾಯಾಲಯ ಮತ್ತು ಉನ್ನತ ಶಿಕ್ಷಣಗಳಲ್ಲಿ ಫ್ರೆಂಚ್ ಭಾಷೆಯೇ ಮೇಲುಗೈ ಪಡೆಯಿತು. ಫ್ಲಾಂಡರ್ಸ್‌ನ ಅನುಕೂಲಸ್ಥ ಕುಟುಂಬಗಳ ಮಕ್ಕಳೂ ಫ್ರೆಂಚ್‌ನಲ್ಲಿಯೇ ಕಲಿತರು.

ಫ್ರೆಂಚ್ ಸಾಹಿತ್ಯ

ಇದರ ಫಲವಾಗಿ ಬೆಲ್ಜಿಯಂನ ಫ್ರೆಂಚ್ ಸಾಹಿತ್ಯದ ಅನೇಕ ಪ್ರಮುಖರು ಫ್ಲಾಂಡರ್ಸ್‌ನವರು. ಗೆಂಟ್ ನಗರದಲ್ಲಿ ಹುಟ್ಟಿದ ನಾಟಕಕಾರ ಮಾರಿಸ್ ಮೇಟರ್‌ಲಿಂಕ್ (1862–1949) ಫ್ರೆಂಚ್‌ನಲ್ಲಿ ಬರೆದು 1911ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ. ಕವಿ ಎಮಿಲ್ ವರ್ಹರೆನ್ ಸಹ ಫ್ಲಾಂಡರ್ಸ್‌ನ ಬದುಕನ್ನು ಫ್ರೆಂಚ್‌ನಲ್ಲಿ ಚಿತ್ರಿಸಿದ. ಷಾರ್ಲ್ ದ ಕೋಸ್ಟರ್ 1867ರಲ್ಲಿ ಪ್ರಕಟಿಸಿದ ಫ್ರೆಂಚ್ ಕೃತಿಯ ನಾಯಕ ಉಲೆನ್‌ಸ್ಪೀಗಲ್ ಫ್ಲೆಮಿಷ್ ಜನರ ಸ್ವಾತಂತ್ರ್ಯಪ್ರೀತಿಯ ಪ್ರತೀಕ. ಮುಂದೆ ಲೀಜ್ ನಗರದ ಜಾರ್ಜ್ ಸಿಮೆನಾನ್ ತನ್ನ ಪತ್ತೇದಾರಿ ಕಾದಂಬರಿಗಳಿಂದಲೂ ಎರ್ಜೆ 1929ರಲ್ಲಿ ಆರಂಭಿಸಿದ ಟಿನ್‌ಟಿನ್ ಚಿತ್ರಕಥೆಗಳಿಂದಲೂ ಜಗತ್ಪ್ರಸಿದ್ಧರಾದರು.

ಡಚ್ ಸಾಹಿತ್ಯ

ಜನಸಾಮಾನ್ಯರ ಭಾಷೆಗೆ ಗೌರವ ದೊರಕಿಸುವ ಫ್ಲೆಮಿಷ್ ಚಳವಳಿಯಲ್ಲಿ ಸಾಹಿತಿಗಳ ಪಾತ್ರ ದೊಡ್ಡದು. ಫ್ರೆಂಚ್ ತಂದೆಯ ಮಗನಾದ ಹೆಂಡ್ರಿಕ್ ಕಾನ್ಸಿಯಾನ್ಸ್ 1302ರಲ್ಲಿ ಫ್ಲೆಮಿಷ್ ಸೇನೆ ಫ್ರೆಂಚ್ ಸೇನೆಯನ್ನು ಸೋಲಿಸಿದ ಕದನವನ್ನು ಆಧರಿಸಿ 1838ರಲ್ಲಿ ಡಚ್ ಕಾದಂಬರಿ ಬರೆದ. ಪಾದ್ರಿ ಕವಿ ಗೀಡೊ ಗೆಜೆಲ್ಲ (1830–1899) ತನ್ನ ಸೀಮೆಯ ಆಡುನುಡಿಗೆ ಕಾವ್ಯದಲ್ಲಿ ಸ್ಥಾನ ಕೊಟ್ಟ. 1898ರ ಕಾಯಿದೆ ಶಾಸನಗಳ ಭಾಷೆಯಾಗಿ ಡಚ್‌ಗೆ ಫ್ರೆಂಚ್‌ನ ಸಮಾನ ಸ್ಥಾನ ನೀಡಿತು. 1930ರಲ್ಲಿ ಗೆಂಟ್ ವಿಶ್ವವಿದ್ಯಾಲಯದ ಬೋಧನಾ ಭಾಷೆ ಡಚ್ ಆಯಿತು. ಹ್ಯೂಗೊ ಕ್ಲೌಸ್‌ನ 1983ರ ಬೃಹತ್ ಕಾದಂಬರಿ "ಬೆಲ್ಜಿಯಂನ ದುಃಖ" ಎರಡನೆಯ ಮಹಾಯುದ್ಧಕಾಲದ ಫ್ಲೆಮಿಷ್ ಕುಟುಂಬವೊಂದರ ನಾಜಿ ಒಲವನ್ನು ಬಾಲಕನೊಬ್ಬನ ಕಣ್ಣಿನಿಂದ ನಿರೂಪಿಸುತ್ತದೆ.

ಇಂದಿನ ಸ್ಥಿತಿ

ಎರಡೂ ಭಾಷೆಗಳಿಗೆ ಪ್ರತ್ಯೇಕ ಸಾಹಿತ್ಯ ಅಕಾಡೆಮಿಗಳಿವೆ. ಡಚ್ ಲೇಖಕರಿಗೆ ನೆದರ್ಲೆಂಡ್ಸ್‌ನಲ್ಲಿಯೂ ಫ್ರೆಂಚ್ ಲೇಖಕರಿಗೆ ಫ್ರಾನ್ಸಿನಲ್ಲಿಯೂ ಓದುಗರಿದ್ದಾರೆ. ಒಂದೇ ದೇಶದವರಾದರೂ ಇವರು ಪರಸ್ಪರರನ್ನು ಓದಲು ಅನುವಾದವೇ ಮುಖ್ಯ ಸೇತುವೆಯಾಗಿದೆ.