ವಾಡಿ ಜಂಕ್ಷನ್ನಿಗೆ ಬಂದ ಗೂಢಚಾರರು

ವಾಡಿಯಲ್ಲಿ ಮೂರು ದಿಕ್ಕಿನ ಹಳಿಗಳು ಕೂಡುತ್ತವೆ. ಒಂದು ಶಹಾಬಾದ್, ಕಲಬುರಗಿ ದಾಟಿ ಮುಂಬೈಗೆ. ಒಂದು ರಾಯಚೂರಿನ ಮೇಲೆ ಮದ್ರಾಸಿಗೆ. ಮೂರನೆಯದು ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ. ನಿಜಾಮರ ಕಾಲದಲ್ಲಿ, 1874ರಲ್ಲಿ ಓಡಾಟ ಶುರುವಾದ ಈ ಮೂರನೆಯ ದಾರಿ ಸೀಮೆಯ ಜನರನ್ನು ಹೈದರಾಬಾದಿಗೆ ಕಟ್ಟಿಹಾಕಿತು. 1948ರವರೆಗೂ ಕಚೇರಿ, ಕೋರ್ಟಿನ ಭಾಷೆ ಉರ್ದು. ಮನೆಯಲ್ಲಿ ಕನ್ನಡ ಆಡುತ್ತ, ಶಾಲೆಯಲ್ಲಿ ಉರ್ದು ಕಲಿತು, ತಾಂಡೂರಿನ ಕಡೆ ಹೋದರೆ ತೆಲುಗಿನಲ್ಲಿ ವ್ಯಾಪಾರ ಮಾಡುವವರು ಸೇಡಂ, ಚಿಂಚೋಳಿಯಲ್ಲಿ ಅಪರೂಪವಾಗಿರಲಿಲ್ಲ. ಇಂಥ ಓದುಗರಿಗೆ ಗೂಢಚಾರರ ಕತೆಗಳು ಒಂದೇ ಬಾಗಿಲಿನಿಂದ ಬರಬೇಕಾಗಿರಲಿಲ್ಲ.

ಉರ್ದುವಿನ ಬಾಗಿಲು ತೆರೆದವರು ಇಬ್ನೆ ಸಫಿ. 1952ರಲ್ಲಿ ಅಲಹಾಬಾದಿನಿಂದ ‘ಜಾಸೂಸಿ ದುನಿಯಾ’ ಆರಂಭಿಸಿದ ಅವರು 1955ರಲ್ಲಿ ಇಮ್ರಾನ್ ಎಂಬ ನಾಯಕನನ್ನು ತಂದರು. ಇಮ್ರಾನ್ ನೋಡಲು ಪೆದ್ದ. ಆದರೆ ಸೀಕ್ರೆಟ್ ಸರ್ವಿಸ್‌ನ ಕಾಣದ ಮುಖ್ಯಸ್ಥ ಅವನೇ. ಅವನ ಕೈಕೆಳಗಿನ ಬಹುತೇಕರಿಗೆ ಅದು ಗೊತ್ತಿಲ್ಲ, ಓದುಗನಿಗೆ ಗೊತ್ತು. ಗುಟ್ಟಿನಲ್ಲಿ ಓದುಗನನ್ನು ಪಾಲುದಾರನನ್ನಾಗಿ ಮಾಡುವ ಈ ಸುಖವೇ ಗೂಢಚಾರ ಕತೆಯ ಮೂಲ ಆಕರ್ಷಣೆ.

ಅದೇ ದಶಕದಲ್ಲಿ ಕನ್ನಡದ ಎನ್. ನರಸಿಂಹಯ್ಯ ಪತ್ತೇದಾರ ಪುರುಷೋತ್ತಮನನ್ನು ಮನೆಮಾತಾಗಿಸಿದರು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ಆ ಲೇಖಕ ಬರೆದ ಕಾದಂಬರಿಗಳು ಐನೂರನ್ನು ಮೀರುತ್ತವೆ. ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಕನ್ನಡಕ್ಕೆ ಸಾವಿರಾರು ಹೊಸ ಓದುಗರನ್ನು ತಂದ ಈ ಬರಹಗಾರರಿಗೆ ಸಾಹಿತ್ಯ ಚರಿತ್ರೆಯಲ್ಲಿ ಸಿಕ್ಕ ಜಾಗ ತೀರ ಕಡಿಮೆ.

ಆದರೂ ಪತ್ತೇದಾರ ಬೇರೆ, ಗೂಢಚಾರ ಬೇರೆ. ಒಬ್ಬ ಮುಚ್ಚಿಟ್ಟದ್ದನ್ನು ಹುಡುಕುತ್ತಾನೆ. ಇನ್ನೊಬ್ಬ ತನ್ನನ್ನೇ ಮುಚ್ಚಿಟ್ಟುಕೊಳ್ಳಬೇಕು. ಈ ಎರಡನೆಯವನೂ ಕನ್ನಡಕ್ಕೆ ಹೊಸಬನಲ್ಲ. 1823ರಲ್ಲಿ ಮೈಸೂರಿನ ಕೆಂಪುನಾರಾಯಣ ಬರೆದ ‘ಮುದ್ರಾಮಂಜೂಷ’ ವಿಶಾಖದತ್ತನ ‘ಮುದ್ರಾರಾಕ್ಷಸ’ದ ಕತೆಯನ್ನು ಗದ್ಯಕ್ಕೆ ತಂದಿತು. ಚಾಣಕ್ಯನ ಬೇಹುಗಾರರು, ಅವರ ಕೈಗೆ ಸಿಕ್ಕ ಶತ್ರುವಿನ ಒಂದು ಮುದ್ರೆಯುಂಗುರ, ಸುಳ್ಳು ಪತ್ರ. ಮಂತ್ರಿ ರಾಕ್ಷಸನನ್ನು ಮಣಿಸಲು ಇಷ್ಟೇ ಸಾಕಾಯಿತು.

ಆಮೇಲೆ ಗೂಢಚಾರ ಕತೆಯ ಗಾತ್ರ ಬೆಳೆಯಿತು. 1953ರಲ್ಲಿ ಇಯಾನ್ ಫ್ಲೆಮಿಂಗ್ ಹುಟ್ಟಿಸಿದ ಜೇಮ್ಸ್ ಬಾಂಡ್‌ನ ನೆರಳು 1968ರಲ್ಲಿ ‘ಜೇಡರ ಬಲೆ’ಯಾಗಿ ಕನ್ನಡ ತೆರೆಗೆ ಬಿತ್ತು. ಸಿಐಡಿ 999 ಆಗಿ ರಾಜ್‌ಕುಮಾರ್ ಗೋವೆಗೂ ಹೋಗಿಬಂದರು. ತೆರೆಯ ಮೇಲೆ ಓಟ, ಹಾಡು, ಉಪಕರಣ ಎಲ್ಲವೂ ನಡೆದೀತು. ಕಾದಂಬರಿಯಲ್ಲಿ ಅದೇ ಅಪಾಯ. ನಾಲ್ಕು ದೇಶ, ನಲವತ್ತು ಹೆಸರು, ಬಂದೂಕಿನ ಜಾತಿ ವಿವರ ತುಂಬಿದಷ್ಟೂ ನಾಯಕನ ಭಯ ಕರಗುತ್ತದೆ. ಎಂದೂ ಸಾಯದವನ ಬಗ್ಗೆ ಓದುಗನಿಗೆ ಆತಂಕವಾಗುವುದಾದರೂ ಹೇಗೆ? ಸ್ವತಃ ಬ್ರಿಟಿಷ್ ಗುಪ್ತಚರ ಇಲಾಖೆಯಲ್ಲಿದ್ದ ಜಾನ್ ಲೆ ಕಾರೆ 1963ರಲ್ಲಿ, ದಣಿದ ಏಜೆಂಟ್ ಅಲೆಕ್ ಲೀಮಸ್‌ನನ್ನು ತನ್ನವರೇ ದಾಳವಾಗಿ ಬಳಸುವ ಕತೆ ಬರೆದು ಬೇರೆ ದಾರಿ ತೋರಿದರು.

ಕನ್ನಡದಲ್ಲಿ ಇವತ್ತು ದೊಡ್ಡ ಹರವಿಗೆ ಕೈಹಾಕಿದವರೆಂದರೆ ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ. ‘ಕನಕ ಮುಸುಕು’, ‘ಕರಿಸಿರಿಯಾನ’ದಂಥ ಕಾದಂಬರಿಗಳಲ್ಲಿ ಶಾಸನ, ಶಿಲ್ಪ, ನಿಧಿ ಎಲ್ಲವೂ ರೋಚಕ ಬೆನ್ನಟ್ಟುವಿಕೆಯಾಗುತ್ತವೆ, ಜತೆಗೆ ಆಧಾರಗಳ ಟಿಪ್ಪಣಿಯೂ ಇರುತ್ತದೆ. ಓದುಗ ಪುಸ್ತಕ ಮುಚ್ಚಿ ಆ ಜಾಗ ನೋಡಲು ಹೊರಡುವಂತೆ ಮಾಡುವ ಶಕ್ತಿ ಇದು. ಮಾಹಿತಿಯ ಭಾರಕ್ಕೆ ಪಾತ್ರಗಳು ಕೆಲವೊಮ್ಮೆ ಬಾಗುತ್ತವೆ ಎಂಬುದೂ ನಿಜ.

ಇಷ್ಟು ಓದಿ ಬೆಳೆದ ಸೀಮೆಯ ಪಕ್ಕದಲ್ಲೇ ಅಸಲಿ ಕತೆ ನಡೆದಿದೆ. 1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ ಕರಾಚಿಯಿಂದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ನಿಜಾಮರಿಗೆ ಕದ್ದು ಆಯುಧ ಸಾಗಿಸಿದ. ಅವು ಇಳಿದ ನೆಲಗಳಲ್ಲಿ ಒಂದು, ಚಿಂಚೋಳಿಯ ಉತ್ತರಕ್ಕಿರುವ ಬೀದರ್. ಎರಡನೇ ಮಹಾಯುದ್ಧಕ್ಕೆ ತುಸು ಮೊದಲು ಜರ್ಮನಿಯ ಮೇಲೆ ಹಾರಿ ಗುಟ್ಟಾಗಿ ಫೋಟೊ ತೆಗೆದವನೂ ಇವನೇ. ಬಾಂಡ್ ಪಾತ್ರಕ್ಕೆ ಇವನೂ ಒಂದು ಪ್ರೇರಣೆ ಎನ್ನುವವರಿದ್ದಾರೆ. ಭಾರತದ ಸೇನೆ ಹೈದರಾಬಾದನ್ನು ವಶಪಡಿಸಿಕೊಂಡ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯೊಂದಿಗೆ ಈ ಸಾಗಣೆ ನಿಂತಿತು.

ಇದನ್ನು ಕಾದಂಬರಿ ಮಾಡಲು ಹೊರಟ ಲೇಖಕನಿಗೆ ಕರಾಚಿ, ಲಂಡನ್, ದೆಹಲಿ ಎಲ್ಲವೂ ಕೈಬೀಸಿ ಕರೆಯುತ್ತವೆ. ಕಾಟನ್‌ನಿಗೆ ಒಂದು ಅಧ್ಯಾಯ ಸಾಕು. ಆ ಬೇಸಿಗೆಯಲ್ಲಿ ವಾಡಿಯ ತಂತಿ ಕೋಣೆಯಲ್ಲಿ ಕೂತು, ಎರಡೂ ಕಡೆಯ ಸುದ್ದಿ ಕೈಯಲ್ಲಿ ಹಾದುಹೋಗುವಾಗ, ಯಾವುದನ್ನು ಯಾರಿಗೆ ಮುಟ್ಟಿಸಲಿ ಎಂದು ಹೆದರಿ ಕುಳಿತಿರಬಹುದಾದ ಗುಮಾಸ್ತನೊಬ್ಬನಿಗೆ ಉಳಿದದ್ದೆಲ್ಲ ಸಲ್ಲಬೇಕು.