ಕೋವಿ ಒದೆಯುವುದೇಕೆ?

ಕುಮಟಾ, ಹೊನ್ನಾವರ, ಭಟ್ಕಳಗಳ ತೋಟಿಗರು ಬೆಳೆರಕ್ಷಣೆಗೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಳ್ಳುವುದುಂಟು. ಕೋವಿಯಾಗಲಿ ಪಿಸ್ತೂಲಾಗಲಿ, ಆರಿಸುವಾಗ ನಾವು ಬೆಲೆಯೊಡನೆ ತೂಕವನ್ನೂ ನೋಡಬೇಕು. ಕಾರಣವು ನ್ಯೂಟನ್ನನ ಮೂರನೆಯ ನಿಯಮದಲ್ಲಿದೆ: ಗುಂಡು ಮುಂದಕ್ಕೆ ಪಡೆದಷ್ಟೇ ಸಂವೇಗವನ್ನು ಆಯುಧವು ಹಿಂದಕ್ಕೆ ಪಡೆಯುತ್ತದೆ.

5 ಗ್ರಾಂ ಗುಂಡು ಸೆಕೆಂಡಿಗೆ 300 ಮೀಟರು ವೇಗದಿಂದ ಹೊರಟಿತೆನ್ನೋಣ. ಮದ್ದಿನ ಅನಿಲದ ಪಾಲನ್ನು ಬಿಟ್ಟರೆ, 750 ಗ್ರಾಂ ಪಿಸ್ತೂಲು ಸೆಕೆಂಡಿಗೆ 2 ಮೀಟರು ವೇಗದಿಂದ ಹಿಂದಕ್ಕೆ ಒದೆಯುತ್ತದೆ. ಅದೇ ಗುಂಡು 3 ಕಿಲೋಗ್ರಾಂ ಕೋವಿಯಿಂದ ಹೊರಟರೆ ಕೇವಲ ಅರ್ಧ ಮೀಟರು.

ಅರೆಸ್ವಯಂಚಾಲಿತ ಪಿಸ್ತೂಲು ಈ ಒದೆತದಿಂದಲೇ ಖಾಲಿ ತೋಟೆಯನ್ನು ಹೊರಚೆಲ್ಲುತ್ತದೆ. ಆಗ ಅದುಮಿದ ಸ್ಪ್ರಿಂಗು ಹೊಸದನ್ನು ತುಂಬುತ್ತದೆ. ಹಿಡಿತ ಸಡಿಲವಾದರೆ ಈ ಕೆಲಸವೂ ಕೆಡಬಹುದು.

ಹಗುರವಾದ ಆಯುಧ ಹೊರಲು ಸುಖ, ಹಾರಿಸಲು ಕಷ್ಟ. ಒದೆತಕ್ಕೆ ಅಂಜಿದ ಕೈ ಅದುರುತ್ತದೆ, ಗುರಿ ತಪ್ಪುತ್ತದೆ. ತಪ್ಪಿದ ಗುಂಡಿಗೆ ಬೇಲಿಯಾಚೆಯ ಮನೆಯ ಅರಿವಿಲ್ಲ.