ನಳಿಗೆಯ ಅಳತೆ, ತೋಟೆಯ ಬೆಲೆ

ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಸಮೀಪದ ಹಂಪಸಾಗರದಂತಹ ಊರಿನ ಕೃಷಿಕನಿಗೆ ಕಾಡುಹಂದಿಯ ಹಾವಳಿಯನ್ನು ಕುರಿತು ಯಾರೂ ಹೇಳಿಕೊಡಬೇಕಾಗಿಲ್ಲ. ತೆನೆಗಟ್ಟಿದ ಮೆಕ್ಕೆಜೋಳದೊಳಕ್ಕೆ ಹಿಂಡು ನುಗ್ಗಿತೆಂದರೆ ತಿಂಗಳುಗಟ್ಟಲೆಯ ದುಡಿಮೆ ಒಂದೇ ರಾತ್ರಿಯಲ್ಲಿ ನೆಲಸಮ. ಇಂತಹವನು ಬೆಳೆ ಕಾಯಲು ಕೋವಿಯೊಂದನ್ನು ಕೊಳ್ಳಬೇಕೆಂದು ಯೋಚಿಸಿದಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆ, “ಯಾವುದು ಹೆಚ್ಚು ಬಲವಾದದ್ದು?” ಎಂಬುದು. ಮೊದಲು ಕೇಳಬೇಕಾದುದು ಬೇರೆ: “ಯಾವುದರ ತೋಟೆ ನಮ್ಮ ಕಡೆ ಸಿಕ್ಕುತ್ತದೆ, ಎಷ್ಟಕ್ಕೆ ಸಿಕ್ಕುತ್ತದೆ?” ಕೋವಿಯನ್ನು ಕೊಳ್ಳುವುದು ಒಮ್ಮೆ, ತೋಟೆಯನ್ನು ಕೊಳ್ಳುವುದು ಕೋವಿ ಇರುವವರೆಗೂ.

ಕೋವಿಯ ಅಳತೆ ಎಂದರೇನು? ರೈಫಲಿನಲ್ಲಿ ಅದು ನಳಿಗೆಯ ಒಳವ್ಯಾಸ. .22 ಎಂದರೆ ಅಂಗುಲದ ನೂರರಲ್ಲಿ ಇಪ್ಪತ್ತೆರಡು ಭಾಗ, ಎಂದರೆ ಸುಮಾರು ಐದೂವರೆ ಮಿಲಿಮೀಟರು; .315 ಎಂದರೆ ಎಂಟು ಮಿಲಿಮೀಟರು. ರೈಫಲಿನ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರುಗಳಿದ್ದು, ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಕಳುಹಿಸುತ್ತವೆ. ಗೀರಿಲ್ಲದ ನುಣುಪು ನಳಿಗೆಯ ಕೋವಿಯ ಲೆಕ್ಕ ಹಳೆಯ ಕಾಲದ್ದು, ಕೊಂಚ ವಿಚಿತ್ರವೂ ಹೌದು. ಒಂದು ಪೌಂಡು ಸೀಸದಿಂದ ಹನ್ನೆರಡು ಸಮಗೋಲಗಳನ್ನು ಎರಕ ಹೊಯ್ದರೆ ಅವುಗಳಲ್ಲೊಂದು ಸರಿಯಾಗಿ ಹಿಡಿಸುವ ನಳಿಗೆಯೇ 12 ಬೋರು. ಅದರ ವ್ಯಾಸ ಹದಿನೆಂಟೂವರೆ ಮಿಲಿಮೀಟರು. ಆದುದರಿಂದಲೇ ಇಲ್ಲಿ ಅಂಕಿ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ. 20 ಬೋರು 12ಕ್ಕಿಂತ ಸಣ್ಣದು. ಇದನ್ನರಿಯದೆ 20ರ ತೋಟೆಯನ್ನು 12ರ ಕೋವಿಗೆ ಹಾಕಿದರೆ ಅದು ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ನಳಿಗೆ ಬರಿದಾಗಿದೆಯೆಂದು ತಿಳಿದು ಹಿಂದೆ ಇನ್ನೊಂದು ತೋಟೆ ತುಂಬಿ ಹಾರಿಸಿದಾಗ ನಳಿಗೆ ಸಿಡಿದು ಕೈ ಕಳೆದುಕೊಂಡವರುಂಟು. ಸಿಕ್ಕಿದ ತೋಟೆಯಿಂದಲೇ ಕೆಲಸ ಸಾಗಿಸೋಣವೆಂಬ ಮಾತು ಕೋವಿಯ ವಿಷಯದಲ್ಲಿ ಸಲ್ಲದು.

ಇನ್ನು ಬೆಲೆ. ತೋಟೆಯೊಂದರಲ್ಲಿ ನಾಲ್ಕು ಅಂಗಗಳು: ಹಿತ್ತಾಳೆಯ ಕವಚ, ಕಿಡಿ ಹುಟ್ಟಿಸುವ ಕೇಪು, ಮದ್ದು, ಗುಂಡು. .22ರ ತೋಟೆಗೆ ಪ್ರತ್ಯೇಕ ಕೇಪು ಬೇಡ. ಕವಚದ ತಳದ ಅಂಚಿನ ಮಡಿಕೆಯಲ್ಲಿಯೇ ಕಿಡಿಮದ್ದನ್ನು ಲೇಪಿಸಿರುತ್ತಾರೆ. ತಗಡು ತೆಳು, ಮದ್ದು ಚಿಟಿಕೆಯಷ್ಟು, ಸೀಸ ಎರಡೂವರೆ ಗ್ರಾಮಿಗೆ ತುಸು ಹೆಚ್ಚು. .315ರ ಗುಂಡಾದರೋ ಹದಿನೈದು ಗ್ರಾಮನ್ನು ಮೀರುತ್ತದೆ. ಅದರ ಮದ್ದಿನ ಒತ್ತಡವನ್ನು ತಡೆಯಲು ದಪ್ಪ ಹಿತ್ತಾಳೆಯನ್ನು ಹಂತಹಂತವಾಗಿ ಎಳೆದು, ನಡುನಡುವೆ ಕಾಯಿಸಿ ಮೃದುಮಾಡಿ, ಕೊರಳನ್ನು ಕಿರಿದುಗೊಳಿಸಬೇಕು. ಲೋಹವೂ ಹೆಚ್ಚು, ಕೆಲಸವೂ ಹೆಚ್ಚು. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ: ಕೋಟಿಗಟ್ಟಲೆ ತಯಾರಾಗುವ ತೋಟೆ ಅಗ್ಗ, ಸಾವಿರಗಟ್ಟಲೆ ತಯಾರಾಗುವುದು ತುಟ್ಟಿ. ಲೋಕದಲ್ಲೆಲ್ಲ ಗುರಿ ಕಲಿಯುವವರು .22ನ್ನೇ ಹಿಡಿಯುವುದರ ಗುಟ್ಟು ಇದೇ.

ಹಾಗಾದರೆ ಸೇನೆಗಾಗಿ ರಾಶಿರಾಶಿಯಾಗಿ ತಯಾರಾದ .303 ನಮ್ಮಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸಿಕ್ಕಬೇಕಾಗಿತ್ತಲ್ಲವೇ? ಇತರ ಕೆಲವು ದೇಶಗಳಲ್ಲಿ ನಡೆದುದು ಹಾಗೆಯೇ. ಇಲ್ಲಿ ಲೆಕ್ಕವನ್ನು ತಿರುಗಿಸಿದ್ದು ಕಾನೂನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಸರಕಾರವು ಸೇನೆಯ ತೋಟೆ ಬಂಡಾಯಗಾರರ ಕೈ ಸೇರೀತೆಂದು ಅಂಜಿ, ಸೇನೆಯ ಅಳತೆಗಳನ್ನು ಖಾಸಗಿಯವರಿಗೆ ನಿಷೇಧಿಸಿತು. ಮಾರ್ಟಿನಿ-ಹೆನ್ರಿ ಬಂದೂಕಿಗೆ ಒದಗಬಹುದೆಂಬ ಶಂಕೆಯಿಂದ ಬೇಟೆಗಾರರ ಪ್ರೀತಿಯ .450 ಕೂಡ ಹೋಯಿತು. ಅದರ ಜಾಗವನ್ನು ತುಂಬಲು ಇಂಗ್ಲೆಂಡಿನ ತಯಾರಕರು.470, .465 ಮುಂತಾದ ಹೊಸ ಅಳತೆಗಳನ್ನು ಹುಟ್ಟಿಸಿದರು. .303ರ ಜಾಗಕ್ಕೆ ಬಂದದ್ದೇ .315. ಮೂಲದಲ್ಲಿ ಇದು ಆಸ್ಟ್ರಿಯಾ-ಹಂಗೆರಿಯ ಸೇನೆಯ ಮಾನ್ಲಿಖರ್ ತೋಟೆ! ಭಾರತದಲ್ಲಿದ್ದ ಸೇನೆಯ ಯಾವ ಬಂದೂಕಿಗೂ ಹೊಂದದೆಂಬುದೇ ಅದಕ್ಕಿದ್ದ ಅರ್ಹತೆ. ಸ್ವಾತಂತ್ರ್ಯಾನಂತರವೂ ಈ ನೀತಿ ಉಳಿಯಿತು. ಬಂಗಾಳದ ಈಶಾಪುರದ ಕಾರ್ಖಾನೆಯು .315 ರೈಫಲನ್ನೂ, ಪುಣೆಯ ಬಳಿಯ ಖಡಕಿಯ ಕಾರ್ಖಾನೆಯು ನಾಗರಿಕರ ತೋಟೆಗಳನ್ನೂ ತಯಾರಿಸುತ್ತ ಬಂದುದರಿಂದ ಆಸ್ಟ್ರಿಯಾದ ತೋಟೆ ಭಾರತದ್ದೇ ಆಗಿಬಿಟ್ಟಿತು.

ತೋಟೆ ನಿಂತರೆ ಏನಾಗುತ್ತದೆಂಬುದಕ್ಕೆ ನಿದರ್ಶನ ದೂರ ಹುಡುಕಬೇಕಾಗಿಲ್ಲ. ನರಭಕ್ಷಕಗಳ ಬೇಟೆಯ ಕಥೆಗಳಿಂದ ಪ್ರಸಿದ್ಧನಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ಹಿಡಿಯುತ್ತಿದ್ದುದು ಅಮೆರಿಕದ .405 ವಿಂಚೆಸ್ಟರ್. ಆ ಅಳತೆ 1904ರಲ್ಲಿ ಬಂದಿತು. 1930ರ ದಶಕದಲ್ಲಿ ಅದರ ರೈಫಲಿನ ತಯಾರಿ ನಿಂತಿತು, ಮುಂದೆ ತೋಟೆಯದೂ ನಿಂತಿತು. ಇಂಗ್ಲೆಂಡಿನ ಕೈನಾಕ್ ಸಂಸ್ಥೆಯು 1960ರ ದಶಕದಲ್ಲಿ ದೊಡ್ಡ ಬೇಟೆಯ ತೋಟೆಗಳನ್ನು ಕ್ರಮೇಣ ಕೈಬಿಟ್ಟಾಗ ಅರಮನೆಗಳ ಬೆಲೆಬಾಳುವ ಜೋಡುನಳಿಗೆಗಳೂ ಗೋಡೆಯ ಅಲಂಕಾರವಾದವು. ಕಬ್ಬಿಣ ಕೆಟ್ಟಿರಲಿಲ್ಲ, ತೋಟೆ ಇರಲಿಲ್ಲ, ಅಷ್ಟೆ.

ಈಗ ನಮ್ಮ ಕೃಷಿಕನ ಬಳಿಗೆ ಮರಳೋಣ. 1959ರ ಆಯುಧ ಕಾಯಿದೆಯು ಬೆಳೆಯ ರಕ್ಷಣೆಗೆಂದು ಹೆಸರಿಸುವುದು ರೈಫಲನ್ನಲ್ಲ. ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ಅದು ಸಾಲದೆಂದು ಅಧಿಕಾರಿಗೆ ಮನದಟ್ಟಾದರೆ ಬೇರೆ ನುಣುಪು ನಳಿಗೆಯ ಕೋವಿಯನ್ನು. ರೈಫಲು ಬೇಕೆಂದರೆ ತಕ್ಕ ಕಾರಣವನ್ನು ಬೇರೆಯಾಗಿ ತೋರಿಸಬೇಕು. ಇದರಲ್ಲಿ ವಿವೇಕವಿಲ್ಲದಿಲ್ಲ. .315ರ ಗುಂಡು ಗುರಿ ತಪ್ಪಿದರೆ ಕಿಲೋಮೀಟರುಗಟ್ಟಲೆ ಹಾರಬಲ್ಲುದು. ಬಯಲುಸೀಮೆಯ ಸಪಾಟು ಹೊಲಗಳಾಚೆ ಕುರಿಹಟ್ಟಿಯಿರಬಹುದು, ಹಿನ್ನೀರಿನಲ್ಲಿ ಮೀನುಗಾರನ ತೆಪ್ಪವಿರಬಹುದು. 12 ಬೋರಿನ ಸಣ್ಣ ಚರೆಗಳು ಕೆಲವೇ ನೂರು ಮೀಟರುಗಳೊಳಗೆ ನೆಲಕ್ಕುದುರುತ್ತವೆ. ಹಂದಿಯನ್ನು ಕೊಲ್ಲುವುದಕ್ಕೆ 1972ರ ವನ್ಯಜೀವಿ ಕಾಯಿದೆಯಂತೆ ಅನುಮತಿ ಬೇಕು. ಬೆದರಿಸಿ ಅಟ್ಟುವುದಕ್ಕೆ ಸದ್ದೇ ಸಾಕು, ಸದ್ದಿಗೆ ತುಟ್ಟಿಯ ತೋಟೆ ಬೇಕಿಲ್ಲ.

ಹೀಗಿರಲು ಅರ್ಜಿ ಬರೆಯುವುದಕ್ಕೆ ಮೊದಲು ಪೇಟೆಯ ಪರವಾನಗಿ ಪಡೆದ ಕೋವಿಯಂಗಡಿಗೆ ಹೋಗಿ ಎರಡು ಮಾತು ವಿಚಾರಿಸುವುದು ಲೇಸು: ಕಳೆದ ವರ್ಷ ಯಾವ ತೋಟೆ ತಪ್ಪದೆ ಬಂದಿತು, ಯಾವುದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಯಿತು? ಕೋವಿಯ ಅಳತೆಯನ್ನು ಪರವಾನಗಿಯಲ್ಲಿ ಬರೆಯುತ್ತಾರೆ. ಒಮ್ಮೆ ಬರೆದ ಮೇಲೆ ಬೇರೆ ಅಳತೆಯ ತೋಟೆಯನ್ನು ಅಂಗಡಿಯವನು ಕೊಡುವಂತಿಲ್ಲ.